ಬೆಂಗಳೂರಿಗೆ ಬೈಕ್ ರ‍್ಯಾಲಿ: ಕೊನೆಯ ಸವಾರನಿಂದ ಶುರುವಾಗಬೇಕಾದ ಸಿದ್ಧತೆ

ನಮ್ಮ ಸಂಘದ ಮೊದಲ ಬೈಕ್ ರ‍್ಯಾಲಿ ಬೆಂಗಳೂರು ತಲುಪಿದ ದಿನ ನಾನು ಸಾಲಿನ ಕಟ್ಟಕಡೆಯಲ್ಲಿದ್ದೆ. ದಾಬಸ್‌ಪೇಟೆಯ ಹತ್ತಿರ ಒಬ್ಬರ ಬೈಕಿನ ಚೈನ್ ಕಳಚಿತು. ಅದನ್ನು ಸರಿಮಾಡಿ ಹೊರಡುವಷ್ಟರಲ್ಲಿ ಮುಂದಿನವರು ಕಣ್ಣಿಗೆ ಕಾಣದಷ್ಟು ದೂರ ಹೋಗಿದ್ದರು. ಗೊರಗುಂಟೆಪಾಳ್ಯದ ಸಿಗ್ನಲ್‌ನಲ್ಲಿ ಉಳಿದವರೂ ಚದುರಿಹೋದರು. ನಾವು ಹತ್ತು ಹನ್ನೆರಡು ಮಂದಿ ದಾರಿ ಕೇಳಿಕೊಳ್ಳುತ್ತಾ ಫ್ರೀಡಂ ಪಾರ್ಕಿಗೆ ಬಂದು ಸೇರಿದಾಗ ಶಾಮಿಯಾನದವರು ಬಟ್ಟೆ ಮಡಚುತ್ತಿದ್ದರು. ಮನವಿ ಪತ್ರ ಕೊಟ್ಟು ಆಗಿತ್ತು, ಭಾಷಣಗಳೂ ಮುಗಿದಿದ್ದವು. ಚಿತ್ರದುರ್ಗದ ಆಚೆಯ ಹಳ್ಳಿಯಿಂದ ಬೆಳಗಿನ ಜಾವ ಮೂರಕ್ಕೇ ಹೊರಟು ಬಂದಿದ್ದ ಹಿರಿಯರೊಬ್ಬರು ಹೆಲ್ಮೆಟ್ ಕೂಡ ತೆಗೆಯದೆ, "ಮುಗೀತಾ?" ಎಂದಷ್ಟೇ ಕೇಳಿದರು. ಮುಂದಿನ ವರ್ಷ ಅವರು ಬರಲಿಲ್ಲ.

ಆ ದಿನದ ನಂತರ ನಾಲ್ಕೈದು ರ‍್ಯಾಲಿಗಳ ಸಿದ್ಧತೆಯಲ್ಲಿ ಕೆಲಸ ಮಾಡಿದ್ದೇನೆ. ಸಾಮಾನ್ಯವಾಗಿ ಸಂಘಟಕರು ಮುಂದಿನ ಸಾಲಿನ ಬಗ್ಗೆ ಯೋಚಿಸುತ್ತಾರೆ: ಯಾರು ಬಾವುಟ ಹಿಡಿಯಬೇಕು, ಯಾವ ಮುಖಂಡರು ತೆರೆದ ಜೀಪಿನಲ್ಲಿ ನಿಲ್ಲಬೇಕು, ಫೋಟೋ ಎಲ್ಲಿ ತೆಗೆಯಬೇಕು ಎಂಬುದೇ ಸಭೆಗಳಲ್ಲಿ ಗಂಟೆಗಟ್ಟಲೆ ಚರ್ಚೆಯಾಗುತ್ತದೆ. ನಾನು ಹೇಳುವ ಕ್ರಮ ಇದಕ್ಕೆ ತಿರುವುಮುರುವಾದದ್ದು. ಕಟ್ಟಕಡೆಯ ಬೈಕ್ ಎಷ್ಟು ಗಂಟೆಗೆ, ಯಾವ ರಸ್ತೆಯಿಂದ, ಯಾವ ಸ್ಥಿತಿಯಲ್ಲಿ ಬಂದು ಸೇರುತ್ತದೆ ಎಂಬುದನ್ನು ಮೊದಲು ನಿಗದಿ ಮಾಡಿಕೊಂಡು, ಅಲ್ಲಿಂದ ಹಿಮ್ಮುಖವಾಗಿ ಉಳಿದ ಎಲ್ಲ ಸಮಯವನ್ನೂ ಲೆಕ್ಕ ಹಾಕಿಕೊಳ್ಳಬೇಕು.

ಅನುಮತಿ

ಶಸ್ತ್ರವಿಲ್ಲದೆ ಶಾಂತಿಯುತವಾಗಿ ಸಭೆ ಸೇರುವ ಹಕ್ಕನ್ನು ಸಂವಿಧಾನದ 19ನೇ ವಿಧಿ ಕೊಟ್ಟಿದೆ. ಅದರ ಮೇಲೆ ಸಕಾರಣ ನಿರ್ಬಂಧ ಹೇರುವ ಅಧಿಕಾರವನ್ನೂ ಅದೇ ವಿಧಿ ಸರ್ಕಾರಕ್ಕೆ ಕೊಟ್ಟಿದೆ. ಬೆಂಗಳೂರಿನಲ್ಲಿ ಆ ನಿರ್ಬಂಧ ಸ್ಪಷ್ಟವಾಗಿದೆ. ಮೆರವಣಿಗೆಗಳಿಂದ ನಗರದ ಸಂಚಾರ ಸ್ಥಗಿತಗೊಳ್ಳುವುದನ್ನು ಹೈಕೋರ್ಟ್ ಸ್ವಯಂಪ್ರೇರಿತವಾಗಿ ಕೈಗೆತ್ತಿಕೊಂಡ ಹಿನ್ನೆಲೆಯಲ್ಲಿ, ಪ್ರತಿಭಟನೆ ಮತ್ತು ಮೆರವಣಿಗೆಗಳನ್ನು ನಿಯಂತ್ರಿಸುವ 2021ರ ಆದೇಶ ಜಾರಿಗೆ ಬಂದಿದ್ದು, ಅದರ ಪ್ರಕಾರ ಪ್ರತಿಭಟನಾ ಸಭೆಗಳಿಗೆ ಫ್ರೀಡಂ ಪಾರ್ಕೇ ಜಾಗ. ಹಳೆಯ ಸೆಂಟ್ರಲ್ ಜೈಲಿನ ಆವರಣವದು. ತುರ್ತು ಪರಿಸ್ಥಿತಿಯ ಕಾಲದಲ್ಲಿ ವಾಜಪೇಯಿ, ಅಡ್ವಾಣಿಯವರಂಥ ನಾಯಕರನ್ನು ಬಂಧಿಸಿಟ್ಟಿದ್ದ ಗೋಡೆಗಳ ನಡುವೆಯೇ ಈಗ ಘೋಷಣೆ ಕೂಗಲು ಅನುಮತಿ ಕೊಡುತ್ತಾರೆ. ಕಾವಲು ಗೋಪುರ ಇನ್ನೂ ಮಧ್ಯದಲ್ಲಿ ನಿಂತಿದೆ.

ಆದ್ದರಿಂದ ಪ್ರತಿಭಟನೆಯ ರ‍್ಯಾಲಿಯಾದರೆ ಎರಡು ಬೇರೆ ಬೇರೆ ಸಂಗತಿಗಳನ್ನು ಅರ್ಥಮಾಡಿಕೊಳ್ಳಬೇಕು. ಸಭೆಗೆ ಅನುಮತಿ ಸಿಗುವುದು ಒಂದು. ನಗರದ ರಸ್ತೆಗಳಲ್ಲಿ ನೂರಾರು ಬೈಕ್‌ಗಳು ಮೆರವಣಿಗೆಯಾಗಿ ಸಾಗಲು ಅನುಮತಿ ಸಿಗುವುದು ಇನ್ನೊಂದು. ಎರಡನೆಯದು ಸುಲಭವಾಗಿ ಸಿಗುವುದಿಲ್ಲ. ಸಿಗದಿದ್ದಾಗ ಕೈಚೆಲ್ಲಿ ಕೂರಬೇಕಾಗಿಯೂ ಇಲ್ಲ: ಸವಾರರು ಸಣ್ಣ ಸಣ್ಣ ತಂಡಗಳಾಗಿ, ಸಂಚಾರ ನಿಯಮಗಳನ್ನು ಪಾಲಿಸಿಕೊಂಡು, ಬೇರೆಲ್ಲ ವಾಹನಗಳಂತೆಯೇ ಬಂದು ಸಭೆಯ ಜಾಗದಲ್ಲಿ ಒಟ್ಟುಗೂಡಬಹುದು. ಸುರಕ್ಷತೆಯ ದೃಷ್ಟಿಯಿಂದಲೂ ಇದೇ ಉತ್ತಮ ಎಂಬುದು ನನ್ನ ಅಭಿಪ್ರಾಯ. ಹೆಲ್ಮೆಟ್ ಜಾಗೃತಿ, ರಕ್ತದಾನದಂಥ ಉದ್ದೇಶದ ರ‍್ಯಾಲಿಗಳಿಗೆ ನಿಗದಿತ ಮಾರ್ಗದಲ್ಲಿ ಪೊಲೀಸ್ ಬೆಂಗಾವಲಿನೊಂದಿಗೆ ಅವಕಾಶ ಕೊಡುವುದುಂಟು; ಅವು ಹೆಚ್ಚಾಗಿ ಭಾನುವಾರ ಬೆಳಗ್ಗೆ ನಡೆಯುತ್ತವೆ.

ಫ್ರೀಡಂ ಪಾರ್ಕ್ ಇರುವುದು ಉಪ್ಪಾರಪೇಟೆ ಪೊಲೀಸ್ ಠಾಣೆಯ ವ್ಯಾಪ್ತಿಯಲ್ಲಿ. ಅರ್ಜಿ ಕೊಡುವ ಮೊದಲು ಇಬ್ಬರು ಹೋಗಿ ಠಾಣೆಯಲ್ಲಿ ಮಾತಾಡಿ ಬರುವುದು ಒಳ್ಳೆಯದು, ಏಕೆಂದರೆ ಅದೇ ದಿನ ಬೇರೆ ಸಂಘಟನೆಯವರ ಧರಣಿ ಇದೆಯೇ ಎಂಬುದು ಅಲ್ಲೇ ತಿಳಿಯುತ್ತದೆ. ಅರ್ಜಿಯಲ್ಲಿ ಬೈಕ್‌ಗಳ ಸಂಖ್ಯೆಯನ್ನು ಇದ್ದದ್ದಕ್ಕಿಂತ ಹೆಚ್ಚಿಸಿಯೂ ಬರೆಯಬಾರದು, ಕಡಿಮೆ ಮಾಡಿಯೂ ಬರೆಯಬಾರದು. ಪತ್ರಿಕೆಯವರಿಗೆ ಐದು ಸಾವಿರ ಎಂದು ಹೇಳಿ ಪೊಲೀಸರಿಗೆ ಇನ್ನೂರು ಎಂದು ಬರೆದುಕೊಟ್ಟ ಸಂಘಟಕರನ್ನು ಕಂಡಿದ್ದೇನೆ. ಅಂದು ಬೆಳಗ್ಗೆ ಇನ್‌ಸ್ಪೆಕ್ಟರ್ ಕೈಯಲ್ಲಿ ಅರ್ಜಿಯ ಪ್ರತಿಯೂ ಇತ್ತು, ಪತ್ರಿಕೆಯೂ ಇತ್ತು. ಬರುವ ಮಾರ್ಗ, ಹೊರವಲಯದಲ್ಲಿ ಸೇರುವ ಜಾಗ, ಪ್ರತಿ ತಂಡದ ಮುಖ್ಯಸ್ಥರ ಫೋನ್ ಸಂಖ್ಯೆ, ಧ್ವನಿವರ್ಧಕದ ವಿವರ ಇವೆಲ್ಲ ಅರ್ಜಿಯಲ್ಲೇ ಇರಲಿ. ಸ್ವೀಕೃತಿಯ ಮುದ್ರೆ ಬಿದ್ದ ಪ್ರತಿಯನ್ನು ಪ್ರತಿ ತಂಡದ ಮುಖ್ಯಸ್ಥರೂ ಮೊಬೈಲಿನಲ್ಲಿ ಇಟ್ಟುಕೊಳ್ಳಬೇಕು, ಏಕೆಂದರೆ ನೆಲಮಂಗಲದಲ್ಲೋ ಬಿಡದಿಯಲ್ಲೋ ತಡೆದು ನಿಲ್ಲಿಸುವ ಪೊಲೀಸರಿಗೆ ಉಪ್ಪಾರಪೇಟೆ ಠಾಣೆಯಲ್ಲಿ ಏನು ನಡೆದಿದೆ ಎಂಬುದು ಗೊತ್ತಿರಬೇಕೆಂದೇನಿಲ್ಲ.

ಕೊನೆಯ ಬೈಕಿನ ಲೆಕ್ಕ

ಒಂದು ರಸ್ತೆಯಿಂದ 500 ಬೈಕ್‌ಗಳು ಬರುತ್ತವೆ ಎಂದುಕೊಳ್ಳೋಣ. ಎರಡು ಸಾಲಿನಲ್ಲಿ, ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ, ತನ್ನ ಸಾಲಿನ ಮುಂದಿನ ಬೈಕಿನಿಂದ ಎರಡು ಸೆಕೆಂಡಿನ ಅಂತರ ಕಾಯ್ದುಕೊಂಡು ಸಾಗಿದರೆ, ರಸ್ತೆಬದಿಯಲ್ಲಿ ನಿಂತವನ ಮುಂದೆ ಸೆಕೆಂಡಿಗೆ ಒಂದು ಬೈಕ್ ಹಾದುಹೋಗುತ್ತದೆ. ಅಂದರೆ ಇಡೀ ಸಾಲು ದಾಟಲು ಎಂಟು ನಿಮಿಷಕ್ಕೂ ಹೆಚ್ಚು ಹೊತ್ತು ಬೇಕು, ಸಾಲಿನ ಉದ್ದವೇ ನಾಲ್ಕು ಕಿಲೋಮೀಟರ್ ಮೀರುತ್ತದೆ. ಕೊನೆಯ ಬೈಕ್ ಗೊರಗುಂಟೆಪಾಳ್ಯದಲ್ಲಿ ಇರುವಾಗ ಮೊದಲನೆಯದು ಸ್ಯಾಂಡಲ್ ಸೋಪ್ ಫ್ಯಾಕ್ಟರಿಯನ್ನೂ ದಾಟಿರುತ್ತದೆ. ಇನ್ನು ಸಿಗ್ನಲ್ಲಿನ ವಿಷಯಕ್ಕೆ ಬರೋಣ. ಒಂದು ನಿಮಿಷ ಹಸಿರು ದೀಪವಿದ್ದರೆ 60 ಬೈಕ್‌ಗಳು ದಾಟುತ್ತವೆ. ಮೂರು ನಿಮಿಷಕ್ಕೊಮ್ಮೆ ಹಸಿರು ಬರುವುದಾದರೆ ಮೊದಲನೆಯ ಬೈಕ್ ದಾಟಿದ 24 ನಿಮಿಷಗಳ ನಂತರ ಕೊನೆಯ ಗುಂಪಿನ ಸರದಿ ಬರುತ್ತದೆ. ಇದು ಒಂದೇ ಸಿಗ್ನಲ್ಲಿನ ಲೆಕ್ಕ, ಅದೂ ರಸ್ತೆಯಲ್ಲಿ ಬೇರೊಂದು ವಾಹನವೂ ಇಲ್ಲ ಎಂದುಕೊಂಡರೆ.

ಈ ಲೆಕ್ಕವನ್ನು ಕಪ್ಪುಹಲಗೆಯ ಮೇಲೆ ಬರೆದು ತೋರಿಸಿದ ಮೇಲೆಯೇ ನಮ್ಮ ಪದಾಧಿಕಾರಿಗಳು 'ಎಲ್ಲರೂ ಒಟ್ಟಿಗೇ ಬರಬೇಕು' ಎಂಬ ಹಟ ಬಿಟ್ಟದ್ದು. ಸಿಗ್ನಲ್ ದಾಟುವಾಗ ಸಾಲು ಮುರಿಯಬಾರದೆಂದು ಕೆಂಪು ದೀಪದಲ್ಲೇ ನುಗ್ಗುವುದು, ಒಬ್ಬಿಬ್ಬರು ಯುವಕರು ಅಡ್ಡನಿಂತು ಬೇರೆ ವಾಹನಗಳನ್ನು ತಡೆಯುವುದು, ಬಸ್ಸಿನ ಚಾಲಕರೊಂದಿಗೆ ಜಗಳ, ಇವೆಲ್ಲ ಹುಟ್ಟುವುದು ಆ ಹಟದಿಂದಲೇ. ಸಂಚಾರ ತಡೆಯುವ ಅಧಿಕಾರ ಪೊಲೀಸರಿಗಲ್ಲದೆ ಯಾವ ಸ್ವಯಂಸೇವಕನಿಗೂ ಇಲ್ಲ.

ಪರಿಹಾರ ಸರಳ. 25 ಬೈಕ್‌ಗಳಿಗೆ ಒಂದು ತಂಡ ಮಾಡಬೇಕು. ಅಷ್ಟು ಬೈಕ್‌ಗಳು ಒಂದೇ ಹಸಿರು ದೀಪದಲ್ಲಿ ದಾಟಬಲ್ಲವು, ಮುಖ್ಯಸ್ಥನಿಗೆ ಕನ್ನಡಿಯಲ್ಲಿ ತನ್ನ ತಂಡದ ಬಾಲವೂ ಹೆಚ್ಚುಕಡಿಮೆ ಕಾಣುತ್ತದೆ. 500 ಬೈಕ್‌ಗಳಿಗೆ 20 ತಂಡಗಳಾಗುತ್ತವೆ. ಮೂರು ನಿಮಿಷಕ್ಕೊಂದು ತಂಡ ಬಿಟ್ಟರೆ ಮೊದಲ ತಂಡಕ್ಕೂ ಕೊನೆಯ ತಂಡಕ್ಕೂ 57 ನಿಮಿಷಗಳ ಅಂತರ. ಹಾಗಾಗಿ ಸಭೆ 11 ಗಂಟೆಗೆ ಎಂದಿದ್ದರೆ ಕೊನೆಯ ತಂಡ 10.45ಕ್ಕೆ ಪಾರ್ಕ್ ತಲುಪುವಂತೆ ಹಿಮ್ಮುಖವಾಗಿ ಎಣಿಸಿ, ಊರಿನ ಹೊರಗಿನ ಸೇರುವ ಜಾಗದಿಂದ ಮೊದಲ ತಂಡ ಯಾವಾಗ ಹೊರಡಬೇಕೆಂದು ತೀರ್ಮಾನಿಸಬೇಕು. ತುಮಕೂರು ರಸ್ತೆಯಲ್ಲಿ ವಾರದ ದಿನ ನೆಲಮಂಗಲದಿಂದ ಪಾರ್ಕಿಗೆ ಒಂದೂವರೆ ಗಂಟೆ ಇಟ್ಟುಕೊಂಡರೆ ನಿರಾಳ. ದೂರದ ಜಿಲ್ಲೆಯವರ ತಂಡ ಮೊದಲು ಹೊರಡಲಿ, ಹತ್ತಿರದವರು ಕೊನೆಗೆ ಬರಲಿ. ದಾವಣಗೆರೆಯಿಂದ 260 ಕಿಲೋಮೀಟರ್ ಬಂದವರು ಸ್ವಲ್ಪ ಹೊತ್ತು ನೆರಳಲ್ಲಿ ಕೂರಲು ಅದರಿಂದ ಸಮಯ ಸಿಗುತ್ತದೆ. ಮನವಿ ಪತ್ರ ಸ್ವೀಕರಿಸಲು ಸಚಿವರೋ ಅಧಿಕಾರಿಯೋ ಬೇಗ ಬಂದುಬಿಟ್ಟರೆ ಐದು ನಿಮಿಷ ಚಹಾ ಕೊಟ್ಟು ಕೂರಿಸಬೇಕೇ ಹೊರತು ಕೊನೆಯ ತಂಡವನ್ನು ಬಿಟ್ಟು ಮುಗಿಸಬಾರದು.

ಸೇರುವ ಜಾಗವನ್ನು ಹೆದ್ದಾರಿಯ ಅಂಚಿನಲ್ಲಿ ಇಟ್ಟುಕೊಳ್ಳಲೇಬಾರದು. ಕಲ್ಯಾಣ ಮಂಟಪದ ಮೈದಾನವೋ ಎಪಿಎಂಸಿ ಪ್ರಾಂಗಣವೋ ಇದ್ದರೆ ಮಾಲೀಕರಿಂದ ಅಥವಾ ಕಾರ್ಯದರ್ಶಿಯಿಂದ ಬರಹದಲ್ಲಿ ಒಪ್ಪಿಗೆ ಪಡೆಯಬೇಕು. ಬೈಕೊಂದಕ್ಕೆ ಓಡಾಡುವ ದಾರಿಯೂ ಸೇರಿ ಮೂರು ಚದರ ಮೀಟರ್ ಬೇಕು. 500 ಬೈಕ್‌ಗಳಿಗೆ ಸುಮಾರು 15 ಗುಂಟೆ ಜಾಗ. ಅಲ್ಲಿ ಶೌಚಾಲಯ, ಕುಡಿಯುವ ನೀರು ಇರಲೇಬೇಕು. ಮಹಿಳಾ ಸವಾರರಿದ್ದಾರೆಯೇ ಎಂದು ಕೇಳಿ ವ್ಯವಸ್ಥೆ ಮಾಡುವುದಲ್ಲ, ಇದ್ದಾರೆ ಎಂದುಕೊಂಡೇ ಮಾಡಬೇಕು.

ಯಾವ ರಸ್ತೆಯಲ್ಲಿ ಬೈಕ್‌ಗೆ ಪ್ರವೇಶವಿದೆ

ಕಾರಿನಲ್ಲಿ ಓಡಾಡಿ ಅಭ್ಯಾಸವಿರುವ ಮುಖಂಡರು ಮಾರ್ಗ ಗುರುತಿಸಿಕೊಟ್ಟರೆ ಇಲ್ಲಿ ತಪ್ಪಾಗುತ್ತದೆ. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲ. ಮೈಸೂರು, ಮಂಡ್ಯದ ಕಡೆಯಿಂದ ಬರುವವರು ಸರ್ವಿಸ್ ರಸ್ತೆಯಲ್ಲೇ ಬರಬೇಕು. ಊರುಗಳ ಒಳಗಿನ ಹಂಪುಗಳನ್ನೂ ಎದುರಿಗೆ ಬರುವ ಟ್ರ್ಯಾಕ್ಟರುಗಳನ್ನೂ ಲೆಕ್ಕಕ್ಕೆ ಹಿಡಿದರೆ 145 ಕಿಲೋಮೀಟರಿಗೆ ನಾಲ್ಕು ಗಂಟೆ ಬೇಕಾಗುತ್ತದೆ. ನೈಸ್ ರಸ್ತೆಯಲ್ಲಿ ರಾತ್ರಿ 10ರಿಂದ ಬೆಳಗ್ಗೆ 5ರವರೆಗೆ ದ್ವಿಚಕ್ರ ವಾಹನಗಳನ್ನು ಬಿಡುವುದಿಲ್ಲ ಎಂಬ ನಿಯಮ 2022ರಿಂದ ಇದೆ. ಬೆಳಗಿನ ಜಾವ ಬಂದು ಟೋಲ್ ಮುಂದೆ ಐದಾಗುವುದನ್ನೇ ಕಾಯುತ್ತಾ ನಿಂತ ತಂಡಗಳಿವೆ. ರಾಷ್ಟ್ರೀಯ ಹೆದ್ದಾರಿಯ ಟೋಲ್‌ಗಳಲ್ಲಿ ಬೈಕಿಗೆ ಶುಲ್ಕವಿಲ್ಲ, ಎಡಬದಿಯ ಕಿರುದಾರಿಯಲ್ಲಿ ಹೋಗಬೇಕು. ಆ ದಾರಿಯಲ್ಲಿ ಒಂದು ಸಲಕ್ಕೆ ಒಂದೇ ಬೈಕ್ ನುಸುಳಬಹುದಾದ್ದರಿಂದ ಪ್ರತಿ ಟೋಲ್ ಆಚೆ ಅರ್ಧ ಕಿಲೋಮೀಟರ್ ದೂರದಲ್ಲಿ ತಂಡ ಮತ್ತೆ ಕೂಡಿಕೊಳ್ಳುವ ಜಾಗವನ್ನು ಮೊದಲೇ ಹೇಳಿರಬೇಕು.

ರ‍್ಯಾಲಿಗೆ ಒಂದು ವಾರ ಮೊದಲು, ಅದೇ ವಾರದ ದಿನ, ಅದೇ ಹೊತ್ತಿಗೆ ಇಬ್ಬರು ಬೈಕಿನಲ್ಲೇ ಆ ದಾರಿಯಲ್ಲಿ ಬಂದು ನೋಡಬೇಕು. ಮೊಬೈಲಿನ ನಕಾಶೆಯಲ್ಲಿ ಕಾಣದ ಅನೇಕ ಸಂಗತಿಗಳು ಆಗ ಕಣ್ಣಿಗೆ ಬೀಳುತ್ತವೆ: ಹೊಸದಾಗಿ ಅಗೆದ ರಸ್ತೆ, ಮುಚ್ಚಿದ ಯೂ-ಟರ್ನ್, ಬಸ್ಸುಗಳು ಅಡ್ಡ ನಿಲ್ಲುವ ಜಾಗ. ಮಳೆಗಾಲವಾದರೆ ಕೆಳಸೇತುವೆಗಳನ್ನು ಗುರುತು ಹಾಕಿಕೊಳ್ಳಿ. 2023ರ ಮೇ ತಿಂಗಳಲ್ಲಿ ಕೆ.ಆರ್. ವೃತ್ತದ ಕೆಳಸೇತುವೆಯಲ್ಲಿ ನಿಂತ ಮಳೆನೀರಿನಲ್ಲಿ ಕಾರು ಮುಳುಗಿ ಯುವತಿಯೊಬ್ಬರು ಪ್ರಾಣ ಕಳೆದುಕೊಂಡರು. ಆ ಜಾಗ ವಿಧಾನಸೌಧಕ್ಕೂ ಹತ್ತಿರ, ಫ್ರೀಡಂ ಪಾರ್ಕಿಗೂ ಹತ್ತಿರ. ಮೇ ತಿಂಗಳ ಮಧ್ಯಾಹ್ನದ ಮಳೆ ಬೆಂಗಳೂರಿನಲ್ಲಿ ಹೇಳಿಕೇಳಿ ಬರುವುದಿಲ್ಲ.

ಬೈಕ್, ಕಾಗದ, ಶಾಲು

ಡಿಎಲ್, ಆರ್‌ಸಿ, ವಿಮೆ, ಎಮಿಷನ್ ಪ್ರಮಾಣಪತ್ರ ಈ ನಾಲ್ಕೂ ಚಾಲ್ತಿಯಲ್ಲಿರಬೇಕು. ಡಿಜಿಲಾಕರ್‌ನಲ್ಲಿ ತೋರಿಸಿದರೂ ನಡೆಯುತ್ತದೆ. ವಿಮೆಯ ವಿಷಯದಲ್ಲಿ ಮಾತ್ರ ದಾಕ್ಷಿಣ್ಯ ಬೇಡ. ಹಳ್ಳಿಯ ಕಡೆ ಹತ್ತು ವರ್ಷ ಹಳೆಯ ಬೈಕ್‌ಗಳಿಗೆ ವಿಮೆ ಕಟ್ಟದೆ ಓಡಿಸುವುದು ಸಾಮಾನ್ಯ. ಅಂಥ ಬೈಕ್ ಜನಸಂದಣಿಯಲ್ಲಿ ಯಾರಿಗಾದರೂ ಗುದ್ದಿ ಅವರು ತೀವ್ರವಾಗಿ ಗಾಯಗೊಂಡರೆ ಪರಿಹಾರದ ಹೊರೆ ಮಾಲೀಕನ ಹೊಲ ಮನೆಯ ಮೇಲೇ ಬೀಳುತ್ತದೆ. ಹೆಸರು ನೋಂದಾಯಿಸುವಾಗಲೇ ವಿಮೆಯ ಕೊನೆಯ ದಿನಾಂಕವನ್ನು ಬರೆದುಕೊಳ್ಳಿ. ಹದಿನೆಂಟು ತುಂಬದ ಹುಡುಗರನ್ನು ಎಷ್ಟೇ ಹುರುಪಿದ್ದರೂ ಸೇರಿಸಿಕೊಳ್ಳಬಾರದು. ಅಪ್ರಾಪ್ತ ವಯಸ್ಕ ಗಾಡಿ ಓಡಿಸಿದರೆ ಪೋಷಕರಿಗೆ ಅಥವಾ ಮಾಲೀಕರಿಗೆ 25,000 ರೂಪಾಯಿ ದಂಡವನ್ನೂ ಮೂರು ವರ್ಷದವರೆಗೆ ಜೈಲನ್ನೂ ಮೋಟಾರು ವಾಹನ ಕಾಯ್ದೆ ಹೇಳುತ್ತದೆ.

ಹೆಲ್ಮೆಟ್ ಸವಾರನಿಗೂ ಬೇಕು, ಹಿಂದೆ ಕೂತವರಿಗೂ ಬೇಕು. ಹಿಂಬದಿ ಸವಾರರ ಹೆಲ್ಮೆಟ್ ಕರ್ನಾಟಕದಲ್ಲಿ ಕಡ್ಡಾಯವಾದದ್ದು 2016ರ ಜನವರಿಯಲ್ಲಿ. ಆದರೂ ರ‍್ಯಾಲಿಯ ದಿನ ಮಾತ್ರ ಈ ನಿಯಮಕ್ಕೆ ರಜೆ ಎಂಬಂತೆ ಪೇಟ, ಟೋಪಿ ಧರಿಸಿ ಬರುವುದನ್ನು ನೋಡುತ್ತೇವೆ. ನಗರದ ಕ್ಯಾಮೆರಾಗಳಿಗೆ ಯಾವ ಸಂಘಟನೆಯ ಪೇಟವೂ ಗೊತ್ತಿಲ್ಲ. ಐಎಸ್‌ಐ ಗುರುತಿನ, ಪಟ್ಟಿ ಬಿಗಿದ ಹೆಲ್ಮೆಟ್ ಇಲ್ಲದವರಿಗೆ ನಮ್ಮಲ್ಲಿ ಬ್ಯಾಡ್ಜ್ ಕೊಡುವುದಿಲ್ಲ, ಬ್ಯಾಡ್ಜ್ ಇಲ್ಲದವರಿಗೆ ಊಟದ ಕೂಪನ್ ಇಲ್ಲ. ಈ ಎರಡನೆಯ ಷರತ್ತು ಮೊದಲನೆಯದಕ್ಕಿಂತ ಹೆಚ್ಚು ಕೆಲಸ ಮಾಡಿದೆ.

ಬೈಕಿನಲ್ಲಿ ನೋಡಬೇಕಾದದ್ದು ಹೆಚ್ಚೇನಿಲ್ಲ: ಟೈರಿನ ಗಾಳಿ ಮತ್ತು ಸವೆತ, ಬ್ರೇಕು, ಚೈನಿನ ಬಿಗಿ, ಹಿಂದಿನ ದೀಪ, ಕ್ಲಚ್ ಕೇಬಲ್. ಸಾಲಿನಲ್ಲಿ ನಿಧಾನವಾಗಿ ಸಾಗುವಾಗ ಕ್ಲಚ್ ಎಡೆಬಿಡದೆ ಹಿಡಿದು ಬಿಡುತ್ತಿರಬೇಕಾದ್ದರಿಂದ ಹಳೆಯ ಕೇಬಲ್ ತುಂಡಾಗುವುದು ಅಂದೇ. ತಂಡಕ್ಕೊಂದು ಕೇಬಲ್, ಟ್ಯೂಬ್‌ಲೆಸ್ ಟೈರಿಗೆ ಹಾಕುವ ಪಂಕ್ಚರ್ ಕಿಟ್, ಒಂದು ಸ್ಪ್ಯಾನರ್ ಸೆಟ್ ಸಾಕು. ಪೆಟ್ರೋಲನ್ನು ಹಿಂದಿನ ರಾತ್ರಿಯೇ ತುಂಬಿಸಿಕೊಳ್ಳಬೇಕು. ನೂರು ಬೈಕ್ ಒಂದೇ ಬಂಕಿಗೆ ನುಗ್ಗಿದರೆ ಮುಕ್ಕಾಲು ಗಂಟೆ ಅಲ್ಲೇ ಕಳೆಯುತ್ತದೆ. ವಿದ್ಯುತ್ ಸ್ಕೂಟರಿನಲ್ಲಿ ಬರುವವರನ್ನು ತುಮಕೂರು, ರಾಮನಗರದಂಥ ಹತ್ತಿರದ ಊರುಗಳ ತಂಡಗಳಿಗೆ ಮಾತ್ರ ಸೇರಿಸುವುದು ವಾಸಿ, ಅದೂ ವಾಪಸ್ ಹೋಗಲು ಚಾರ್ಜಿಂಗ್ ಎಲ್ಲಿ ಎಂದು ಕೇಳಿಕೊಂಡ ನಂತರ. ಸೈಲೆನ್ಸರ್ ಬದಲಿಸಿ ಸದ್ದು ಹೆಚ್ಚಿಸಿದ ಬೈಕ್‌ಗಳನ್ನು ಬಾಗಿಲಲ್ಲೇ ವಾಪಸ್ ಕಳಿಸಿ. ಅವು ಬಂದರೆ ಮಾರನೆಯ ದಿನದ ಸುದ್ದಿಯಲ್ಲಿ ನಿಮ್ಮ ಬೇಡಿಕೆ ಇರುವುದಿಲ್ಲ, ಸದ್ದು ಮಾತ್ರ ಇರುತ್ತದೆ.

ಶಾಲಿನ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ, ಏಕೆಂದರೆ ಇದನ್ನು ಯಾರೂ ಅಪಾಯವೆಂದು ಎಣಿಸುವುದಿಲ್ಲ. ಸಂಘದ ಶಾಲನ್ನು ಕೊರಳ ಸುತ್ತ ಹಾಕಿ ಎರಡೂ ತುದಿಗಳನ್ನು ಬೆನ್ನ ಮೇಲೆ ಇಳಿಬಿಡುವುದು ರೂಢಿ. ನಲವತ್ತರ ವೇಗದಲ್ಲಿ ಆ ತುದಿ ಮೇಲೆ ಹಾರುತ್ತದೆ, ಬ್ರೇಕ್ ಹಾಕಿದ ಕ್ಷಣ ಕೆಳಗೆ ಬೀಳುತ್ತದೆ. ಒಮ್ಮೆ ನನ್ನ ಮುಂದಿದ್ದ ಬೈಕಿನ ಹಿಂಬದಿ ಸವಾರನ ಶಾಲಿನ ತುದಿ ಹೀಗೆಯೇ ಬಿದ್ದು ಹಿಂದಿನ ಚಕ್ರದ ಕಡ್ಡಿಗಳ ನಡುವೆ ಸೇರಿತು. ಒಂದು ಗಂಟು ಹಾಕಿದ್ದ ಶಾಲು ಕಣ್ಣೆದುರೇ ಬಿಗಿಯುತ್ತಾ ಹೋಯಿತು, ಅವನ ಎರಡೂ ಕೈ ಕೊರಳಿಗೆ ಹೋದವು. ಪುಣ್ಯಕ್ಕೆ ಬಟ್ಟೆ ಹಳೆಯದಾಗಿದ್ದರಿಂದ ಹರಿಯಿತು. ಆಮೇಲೆ ನಾವು ಶಾಲು ಕೊಡುವುದನ್ನೇ ನಿಲ್ಲಿಸಿ, ತೋಳಿಗೆ ಕಟ್ಟುವ ಪಟ್ಟಿ ಕೊಡಲಾರಂಭಿಸಿದೆವು. ಶಾಲು ಬೇಕೇ ಬೇಕೆಂದರೆ ಸಭೆಯ ಜಾಗದಲ್ಲಿ ಇಳಿದ ಮೇಲೆ ಹಾಕಿಕೊಳ್ಳಲಿ. ಸೀರೆಯ ಸೆರಗಿಗೂ ದುಪಟ್ಟಾಕ್ಕೂ ಇದೇ ಎಚ್ಚರಿಕೆ. ಬಾವುಟದ ಕೋಲು ಬೈಕಿನ ಅಗಲ ಮೀರಿ ಹೊರಚಾಚಬಾರದು. ಕಬ್ಬಿಣದ ಸರಳಂತೂ ಬೇಡವೇ ಬೇಡ.

ಸಾಲಿನ ಶಿಸ್ತು

ಎರಡು ಸಾಲು ಎಂದರೆ ಜೋಡೆತ್ತಿನಂತೆ ಅಕ್ಕಪಕ್ಕ ಹೋಗುವುದಲ್ಲ. ಒಂದು ಬೈಕ್ ಪಥದ ಬಲಭಾಗದಲ್ಲಿದ್ದರೆ ಅದರ ಹಿಂದಿನದು ಎಡಭಾಗದಲ್ಲಿ, ಒಂದು ಸೆಕೆಂಡ್ ಹಿಂದೆ, ಜಿಪ್ಪಿನ ಹಲ್ಲುಗಳಂತೆ. ಹೀಗಿದ್ದರೆ ಮುಂದೆ ಗುಂಡಿ ಬಂದಾಗ ಪಕ್ಕಕ್ಕೆ ಸರಿಯಲು ಪ್ರತಿಯೊಬ್ಬನಿಗೂ ಜಾಗ ಇರುತ್ತದೆ. ತಿರುವುಗಳಲ್ಲಿ, ಕಿರಿದಾದ ಸೇತುವೆಗಳಲ್ಲಿ ಒಂದೇ ಸಾಲಾಗಬೇಕು. ಸನ್ನೆಗಳು ಮೂರೇ ಸಾಕು: ಎಡಗೈ ಮೇಲೆತ್ತಿದರೆ ನಿಲ್ಲಬೇಕು, ಬೆರಳು ಒಂದನ್ನು ಎತ್ತಿ ತೋರಿಸಿದರೆ ಒಂದೇ ಸಾಲು, ಕಾಲು ಚಾಚಿದರೆ ಆ ಬದಿಯಲ್ಲಿ ಗುಂಡಿ. ಹೆಚ್ಚು ಸನ್ನೆ ಕಲಿಸಿದರೆ ಅಂದು ಬೆಳಗ್ಗೆ ಒಂದೂ ನೆನಪಿರುವುದಿಲ್ಲ.

ತಂಡದ ಮುಂದೆ ಅನುಭವಿ ಸವಾರನಿರಬೇಕು. ಅವನ ಹಿಂದೆಯೇ ಕಡಿಮೆ ಸಿಸಿಯ ಮೊಪೆಡ್, ಹಳೆಯ ಸ್ಕೂಟರ್, ಹೊಸದಾಗಿ ಕಲಿತವರು ಇರಬೇಕು. ನಿಧಾನದ ಗಾಡಿಯನ್ನು ಹಿಂದೆ ಹಾಕಿದರೆ ಮುಂದಿನವರ ಸಣ್ಣ ವೇಗವ್ಯತ್ಯಾಸವನ್ನು ತುಂಬಿಕೊಳ್ಳಲು ಅದು ಜೀವ ಬಿಟ್ಟು ಓಡಬೇಕಾಗುತ್ತದೆ. ತಂಡದ ಬಾಲದಲ್ಲಿ ಇರುವವನೇ ಎಲ್ಲರಿಗಿಂತ ಒಳ್ಳೆಯ ಸವಾರನಾಗಿರಬೇಕು. ಅವನ ಬಳಿ ಹೆಸರಿನ ಪಟ್ಟಿ, ಕಿಟ್, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಚಾರ್ಜ್ ಇರುವ ಎರಡು ಫೋನ್ ಇರಬೇಕು, ಗಾಢ ಬಣ್ಣದ ಜಾಕೆಟ್ ಹಾಕಿರಬೇಕು. ಯಾರು ನಿಂತರೂ ನಿಲ್ಲುವವನು ಅವನೊಬ್ಬನೇ; ಉಳಿದವರು ಮುಂದೆ ಸಾಗುತ್ತಾರೆ. ಹತ್ತು ಬೈಕ್ ಒಟ್ಟಿಗೆ ರಸ್ತೆಬದಿಯಲ್ಲಿ ನಿಂತು ಒಂದು ಪಂಕ್ಚರ್ ನೋಡುತ್ತಿದ್ದರೆ ಅಲ್ಲೊಂದು ಹೊಸ ಅಪಘಾತಕ್ಕೆ ಜಾಗ ಮಾಡಿಕೊಟ್ಟಂತೆ.

ದಾರಿ ತಪ್ಪದಿರಲು ತಿರುವಿನ ಕಾವಲು ಎಂಬ ಪದ್ಧತಿಯನ್ನು ನಾವು ಅನುಸರಿಸುತ್ತೇವೆ. ತಿರುವು ಬಂದಾಗ ಮುಖ್ಯಸ್ಥನ ಹಿಂದಿನ ಸವಾರ ಅಲ್ಲಿ ಸುರಕ್ಷಿತವಾಗಿ ಪಕ್ಕಕ್ಕೆ ನಿಂತು ದಾರಿ ತೋರಿಸುತ್ತಾನೆ. ತಂಡದ ಬಾಲ ಬಂದ ಮೇಲೆ ಅದರ ಮುಂದೆ ಸೇರಿಕೊಳ್ಳುತ್ತಾನೆ. ಮುಂದಿನ ತಿರುವಿನಲ್ಲಿ ಮತ್ತೊಬ್ಬನ ಸರದಿ. ಹೀಗಾಗಿ ಸಿಗ್ನಲ್‌ನಲ್ಲಿ ತಂಡ ಒಡೆದರೂ ಯಾರೂ ಗಾಬರಿಯಾಗಿ ಓಡಿಸಬೇಕಾದ ಕಾರಣವೇ ಇರುವುದಿಲ್ಲ. ಗಾಡಿ ಓಡಿಸುತ್ತಾ ವಾಟ್ಸಾಪ್ ಗುಂಪಿಗೆ ವಿಡಿಯೋ ಹಾಕುವವರಿಗೆ ಈ ಕಾವಲಿನ ಕೆಲಸವನ್ನೇ ಹೆಚ್ಚು ಕೊಡಿ, ನಿಂತುಕೊಂಡು ತೆಗೆಯಲಿ.

ಆಂಬುಲೆನ್ಸ್ ಸದ್ದು ಕೇಳಿದರೆ ಇಡೀ ತಂಡ ಎಡಕ್ಕೆ ಸರಿದು ನಿಲ್ಲಬೇಕು; ಅದು ಹೋದ ದಾರಿಯಲ್ಲೇ ಹಿಂದೆ ನುಗ್ಗಬಾರದು. ಮೈಸೂರು ರಸ್ತೆಯಿಂದ ಬರುವವರು ಕೆ.ಆರ್. ಮಾರುಕಟ್ಟೆಯ ಬಳಿ ವಿಕ್ಟೋರಿಯಾ, ವಾಣಿವಿಲಾಸ ಆಸ್ಪತ್ರೆಗಳ ಪಕ್ಕದಲ್ಲೇ ಹಾದು ಬರುತ್ತಾರೆ. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತಲಿನ 100 ಮೀಟರ್ ನಿಶ್ಶಬ್ದ ವಲಯ; ಹಾರನ್ನೂ ಇಲ್ಲ, ಘೋಷಣೆಯೂ ಇಲ್ಲ.

ಯಾರಾದರೂ ಬಿದ್ದು ಪೆಟ್ಟು ಮಾಡಿಕೊಂಡರೆ 108ಕ್ಕೆ ಕರೆಮಾಡಬೇಕು, ಉಸಿರಾಟಕ್ಕೆ ತೊಂದರೆಯಿಲ್ಲದಿದ್ದರೆ ಹೆಲ್ಮೆಟ್ಟನ್ನು ಎಳೆದು ತೆಗೆಯಬಾರದು, ಎಬ್ಬಿಸಿ ಕೂರಿಸಿ ನೀರು ಕುಡಿಸುವ ಆತುರ ಬೇಡ. ರಸ್ತೆ ಅಪಘಾತದ ಗಾಯಾಳುಗಳಿಗೆ ಏಳು ದಿನಗಳವರೆಗೆ 1.5 ಲಕ್ಷ ರೂಪಾಯಿ ಮಿತಿಯ ನಗದುರಹಿತ ಚಿಕಿತ್ಸೆಯ ಕೇಂದ್ರದ ಯೋಜನೆ 2025ರ ಮೇ ತಿಂಗಳಿಂದ ಇದೆ. ನೆರವಾದವರನ್ನು ಕಾನೂನಿನ ತೊಡಕಿಗೆ ಸಿಲುಕಿಸಬಾರದೆಂದು ಮೋಟಾರು ವಾಹನ ಕಾಯ್ದೆಯ 134ಎ ಕಲಂ ರಕ್ಷಣೆ ಕೊಡುತ್ತದೆ. ಈ ಎರಡು ಮಾತುಗಳನ್ನು ಬಾಲದ ಸವಾರನ ಪಟ್ಟಿಯ ಹಿಂಬದಿಯಲ್ಲಿ ಅಚ್ಚು ಹಾಕಿಸಿಬಿಡಿ.

ಪಾರ್ಕಿನ ಬಳಿ, ಮತ್ತು ಅಲ್ಲಿಂದ ಮರಳಿ

ಶೇಷಾದ್ರಿ ರಸ್ತೆಯಲ್ಲಿ ಬೈಕ್ ನಿಲ್ಲಿಸಿ ಒಳಗೆ ಹೋದರೆ ಟೋಯಿಂಗ್ ವಾಹನದ ಹಿಂದೆ ಓಡುವ ಕೆಲಸ ಉಳಿಯುತ್ತದೆ. ಪಾರ್ಕಿನ ಪಕ್ಕದಲ್ಲೇ ಬಹುಮಹಡಿ ವಾಹನ ನಿಲುಗಡೆ ಕಟ್ಟಡವಿದೆ. ಅದರ ಗುತ್ತಿಗೆದಾರರೊಂದಿಗೆ ಮೊದಲೇ ಮಾತಾಡಿ ಎಷ್ಟು ಜಾಗ ಸಿಗುತ್ತದೆ, ಶುಲ್ಕವೆಷ್ಟು ಎಂದು ತಿಳಿದುಕೊಳ್ಳಬೇಕು. ಅದು ಸಾಲದಿದ್ದರೆ ದೂರದ ಮೈದಾನದಲ್ಲಿ ನಿಲ್ಲಿಸಿ ನಡೆದು ಬರುವುದೇ ಸರಿ. ಪ್ರತಿ ತಂಡಕ್ಕೂ ಒಂದು ಬಣ್ಣ ಕೊಟ್ಟು ಆ ಬಣ್ಣದ ರಿಬ್ಬನ್ನನ್ನು ಹ್ಯಾಂಡಲ್‌ಗೆ ಕಟ್ಟಿಸಿದರೆ ಕಪ್ಪು ಸ್ಪ್ಲೆಂಡರ್‌ಗಳ ರಾಶಿಯಲ್ಲಿ ತನ್ನ ಗಾಡಿ ಯಾವುದೆಂದು ಹುಡುಕುವ ಪಾಡು ತಪ್ಪುತ್ತದೆ. ಇದನ್ನು ನಗೆಯಾಡಬೇಡಿ, ಒಂದು ಸಲ ಇಬ್ಬರು ಪರಸ್ಪರರ ಬೈಕ್ ತೆಗೆದುಕೊಂಡು ಶಿರಾದವರೆಗೂ ಹೋಗಿದ್ದರು; ಹಳೆಯ ಬೀಗಗಳಿಗೆ ಯಾವ ಕೀಯಾದರೂ ಆಗುತ್ತದೆ.

ವಾಪಸ್ ಹೋಗುವ ಸಿದ್ಧತೆಯನ್ನು ಯಾರೂ ಮಾಡುವುದಿಲ್ಲ. ಬರುವಾಗ ಇದ್ದ ತಂಡ, ಮುಖ್ಯಸ್ಥ, ಬಾಲ ಎಲ್ಲವೂ ಸಭೆ ಮುಗಿದ ಕೂಡಲೇ ಮಾಯವಾಗಿ, ಊಟ ಮಾಡಿದವರು ಮಾಡಿದಂತೆ ಹೊರಟುಬಿಡುತ್ತಾರೆ. ನನ್ನ ಅನುಭವದಲ್ಲಿ ಕಂಡ ಮೂರು ಅಪಘಾತಗಳೂ ಆದದ್ದು ಮರಳುವ ದಾರಿಯಲ್ಲಿ, ಕತ್ತಲಾದ ಮೇಲೆ. ಬೆಳಗಿನ ಜಾವ ಎದ್ದವರು, ಬಿಸಿಲಲ್ಲಿ ಕೂತವರು, ಹೊಟ್ಟೆ ತುಂಬ ಪಲಾವ್ ತಿಂದವರು ಹೆದ್ದಾರಿಯ ಲಾರಿಗಳ ನಡುವೆ 200 ಕಿಲೋಮೀಟರ್ ಹೋಗಬೇಕಾಗಿರುತ್ತದೆ. ಆದ್ದರಿಂದ ಸಭೆಯನ್ನು ಮಧ್ಯಾಹ್ನ ಎರಡರೊಳಗೆ ಮುಗಿಸಿ, ದೂರದವರ ತಂಡಗಳನ್ನು ಮೊದಲು ಕಳಿಸಬೇಕು. 250 ಕಿಲೋಮೀಟರಿಗಿಂತ ದೂರದವರಿಗೆ ರಾತ್ರಿ ಉಳಿಯಲು ಛತ್ರವೋ ವಿದ್ಯಾರ್ಥಿನಿಲಯವೋ ಗೊತ್ತುಮಾಡಬೇಕು. ಹುಬ್ಬಳ್ಳಿ, ಕಲಬುರಗಿ ಕಡೆಯವರಿಗಂತೂ ನಾನು ಬೈಕಿನಲ್ಲಿ ಬರಬೇಡಿ ಎಂದೇ ಹೇಳುತ್ತೇನೆ. ರೈಲಿನಲ್ಲಿ ಬಂದರೆ ಮೆಜೆಸ್ಟಿಕ್‌ನಿಂದ ಪಾರ್ಕಿಗೆ ನಡೆದೇ ಬರಬಹುದು. ಬೈಕಿಲ್ಲದೆ ಬಂದರೆ ಬೇಡಿಕೆಯ ತೂಕವೇನೂ ಕಡಿಮೆಯಾಗುವುದಿಲ್ಲ. ಕುಡಿದವನು ಗಾಡಿ ಮುಟ್ಟಬಾರದು. ಅವನ ಕೀಯನ್ನು ಬಾಲದ ಸವಾರ ತೆಗೆದಿಟ್ಟುಕೊಂಡು ಬೇರೆಯವರ ಹಿಂದೆ ಕೂರಿಸಿ ಕಳಿಸಲಿ, ಬೈಕ್ ನಾಳೆ ಬರಲಿ.

ಮನೆ ತಲುಪಿದವರೆಲ್ಲ ತಮ್ಮ ತಂಡದ ಬಾಲದ ಸವಾರನಿಗೆ ಒಂದು ಮಿಸ್ಡ್ ಕಾಲ್ ಕೊಡಬೇಕು. ಅವನು ಪಟ್ಟಿಯಲ್ಲಿ ಗುರುತು ಹಾಕುತ್ತಾ ಹೋಗಬೇಕು. ರಾತ್ರಿ ಹತ್ತಾದರೂ ಗುರುತು ಬೀಳದ ಹೆಸರಿದ್ದರೆ ಮನೆಗೆ ಫೋನ್ ಮಾಡಿ ವಿಚಾರಿಸಬೇಕು. ಇನ್ನೊಂದು ವಾರದಲ್ಲಿ ಸವಾರರ ಮೊಬೈಲಿಗೆ ಸಂಚಾರ ಪೊಲೀಸರ ದಂಡದ ಸಂದೇಶಗಳು ಬರಲಾರಂಭಿಸುತ್ತವೆ, ಆಗ ಸಂಘವೇ ಕಟ್ಟಬೇಕು ಎಂಬ ಮಾತು ಏಳುತ್ತದೆ. ನಮ್ಮಲ್ಲಿ ಇದಕ್ಕೆ ಮೊದಲೇ ನಿರ್ಣಯ ಮಾಡಿಟ್ಟುಕೊಂಡಿದ್ದೇವೆ: ಸ್ವಯಂಸೇವಕರು ತೋರಿಸಿದ ಜಾಗದಲ್ಲಿ ನಿಲ್ಲಿಸಿ ದಂಡ ಬಿದ್ದಿದ್ದರೆ ಅದನ್ನು ಸಂಘ ಕಟ್ಟುತ್ತದೆ, ಹೆಲ್ಮೆಟ್ ಇಲ್ಲದ್ದಕ್ಕೂ ಮೂವರು ಕೂತದ್ದಕ್ಕೂ ಬಿದ್ದ 500 ರೂಪಾಯಿಯನ್ನು ಅವರವರೇ ಕಟ್ಟಬೇಕು.